ಪಕ್ಕದ ಕುರ್ಚಿಯ ಹೂಂ

ನಮ್ಮ ಆಫೀಸಿನಲ್ಲಿ ಕಂಪ್ಯೂಟರುಗಳಿಗಿಂತ ಕುರ್ಚಿಗಳು ಹೆಚ್ಚು. ಹೊಸದಾಗಿ ಬಂದವರು ಮೊದಲು ಕೇಳುವುದೇ ಇದನ್ನು. ಕೆಲವರು ಇಲ್ಲಿ ಸಭೆಯೋ ಸೀಮಂತವೋ ಇರಬೇಕು ಅಂದುಕೊಂಡು ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ. ಬಸವನ ಬಾಗೇವಾಡಿಯಲ್ಲಿ ಬೀಜ ಗೊಬ್ಬರ ಮಾರುವ ಅಂಗಡಿಯ ಮೇಲಿನ ಎರಡು ಕೋಣೆಗಳು ನಮ್ಮವು. ಕೆಳಗಿನಿಂದ ಗೊಬ್ಬರದ ಘಾಟು ಬರುತ್ತದೆ, ಮೇಲಿನ ತಗಡಿನಿಂದ ಬಿಸಿಲಿನ ಝಳ ಇಳಿಯುತ್ತದೆ, ನಡುವೆ ಕುಳಿತು ನಾವು ಎಂದೂ ಕಾಣದ ಊರಿನವರಿಗೆ ಸಾಫ್ಟ್‌ವೇರ್ ಬರೆದು ಕಳಿಸುತ್ತೇವೆ.

ಹೆಚ್ಚುವರಿ ಕುರ್ಚಿಗಳ ಕತೆ ಹೇಳಬೇಕೆಂದರೆ ಇನ್ವರ್ಟರಿನಿಂದ ಶುರು ಮಾಡಬೇಕು. ನಮ್ಮ ಮಾಲೀಕ ಮಲ್ಲಣ್ಣ ಈ ಉದ್ಯೋಗ ಶುರು ಮಾಡಿದಾಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಅವನು ಎಲ್ಲಿಂದಲೋ ಹಳೆಯ ಇನ್ವರ್ಟರ್ ಒಂದನ್ನು ತಂದ. ಅದು ಅರ್ಧ ಕಂಪ್ಯೂಟರುಗಳ ಭಾರವನ್ನಷ್ಟೇ ಹೊರುತ್ತಿತ್ತು, ಇನ್ನೊಂದು ಹಚ್ಚಿದರೆ ಕುಂಯ್ ಎಂದು ಅಳುತ್ತಿತ್ತು. ಕಂಪ್ಯೂಟರ್ ಆರಿಹೋದವರು ನೊಣ ಹೊಡೆಯುತ್ತ ಕೂಡುವುದನ್ನು ನೋಡಲಾರದೆ ಮಲ್ಲಣ್ಣ, "ಸುಮ್ನ ಯಾಕ ಕುಂತೀರಿ? ಕುರ್ಚಿ ಜಗ್ಗಿಕೊಂಡು ಅವರ ಮಗ್ಗಲದಾಗ ಕುಂಡ್ರಿ. ಅವರು ಬರೀಲಿ, ನೀವು ನೋಡ್ರಿ" ಅಂದ. ಹಾಗೆ ಜೋಡಿ ಕೂಡುವುದು ಶುರುವಾಯಿತು. ಆಮೇಲೆ ಕರೆಂಟು ಸುಧಾರಿಸಿತು, ಒಳ್ಳೆಯ ಇನ್ವರ್ಟರ್ ಬಂತು. ಆದರೂ ನಾವು ಬೇರೆಯಾಗಲಿಲ್ಲ. ಇಬ್ಬರು ಕೂಡಿ ಬರೆದದ್ದರಲ್ಲಿ ತಪ್ಪು ಕಡಿಮೆ ಎನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ಒಮ್ಮೆ ಬೆಂಗಳೂರಿನಿಂದ ಬಂದವರೊಬ್ಬರು ನಮ್ಮನ್ನು ನೋಡಿ ಖುಷಿಯಾಗಿ, "ಓ, ನೀವು ಪೇರ್ ಪ್ರೋಗ್ರಾಮಿಂಗ್ ಮಾಡ್ತೀರಾ!" ಅಂದರು. ದೊಡ್ಡ ದೊಡ್ಡ ಕಂಪನಿಗಳಲ್ಲಿ ಇದನ್ನು ಯೋಚಿಸಿ ಮಾಡುತ್ತಾರಂತೆ, ಬರೆಯುವವರನ್ನು ಡ್ರೈವರ್ ಅನ್ನುತ್ತಾರಂತೆ, ಪಕ್ಕದಲ್ಲಿ ಕುಳಿತು ದಾರಿ ನೋಡುವವರಿಗೂ ಒಂದು ಹೆಸರಿದೆಯಂತೆ. ಆ ಹೆಸರು ನಮ್ಮ ಬಾಯಲ್ಲಿ ತಿರುಗಲಿಲ್ಲ. ಡ್ರೈವರ್ ಇದ್ದಮೇಲೆ ಇನ್ನೊಬ್ಬ ಕಿಲೀನರ್ ಅಲ್ಲದೆ ಮತ್ತ್ಯಾರು ಎಂದು ಮಲ್ಲಣ್ಣ ತೀರ್ಮಾನ ಕೊಟ್ಟ. ಲಾರಿ ಹಿಂದಕ್ಕೆ ಬರುವಾಗ ಕಿಲೀನರ್ ಕೆಳಗಿಳಿದು "ಬರ್ಲಿ, ಬರ್ಲಿ, ಹೋಲ್ಡಾನ್" ಎಂದು ಕೂಗುತ್ತಾನಲ್ಲ, ಅವನು ಸುಮ್ಮನಿದ್ದರೆ ಗೋಡೆ ಉಳಿಯುವುದಿಲ್ಲ.

ನಾನು ಹುಟ್ಟಾ ಡ್ರೈವರ್. ಕೈ ಕೀಲಿಮಣೆಯ ಮೇಲೆ ಓಡುತ್ತಿರುವಾಗ ಬಾಯಿಯೂ ಓಡಲೇಬೇಕು. "ಇಲ್ಲಿ ಮೊದಲು ಹುಡುಗನ ಹೆಸರು ತಗೋಳೂನು, ಆಮ್ಯಾಲೆ ತರಗತಿ ನೋಡೂನು, ತರಗತಿ ಸಿಗಲಿಲ್ಲಂದ್ರ ವಾಪಸ್ ಹೋಗೂನು" ಎಂದು ವಟವಟ ಅನ್ನುತ್ತಲೇ ಬರೆಯುತ್ತೇನೆ. ಬಾಯಿ ಮುಚ್ಚಿದರೆ ಬೆರಳೂ ನಿಲ್ಲುತ್ತವೆ. ನಮ್ಮ ಮನೆಯವರು ಇದನ್ನು ರೋಗ ಎಂದೇ ತಿಳಿದಿದ್ದಾರೆ. ಇಂಥ ನನಗೆ ಮಲ್ಲಣ್ಣ ಜೋಡಿ ಮಾಡಿದ್ದು ನೀಲಕ್ಕನನ್ನು. ಹೂವಿನ ಹಿಪ್ಪರಗಿಯಿಂದ ದಿನಾ ಬಸ್ಸಿಗೆ ಬರುವ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ, ಬೇಕಾದಷ್ಟೇ ಮಾತಾಡುವ ನೀಲಕ್ಕ. ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತಾರೆ. ನಮ್ಮ ಮೇಜಿನ ಮೇಲಿನ ಬೆಳ್ಳಿಯೆಲ್ಲ ನನ್ನದು, ಬಂಗಾರವೆಲ್ಲ ಅವಳದು.

ಅವಳು ಬಾಯಿ ಬಿಟ್ಟು ಹೇಳುತ್ತಿದ್ದದ್ದು ಹೂಂ ಎಂಬ ಒಂದೇ ಮಾತು. ಆದರೆ ಆ ಹೂಂ ಬಗೆಬಗೆಯದಾಗಿತ್ತು. ಗಿಡ್ಡನೆಯ ಹೂಂ ಬಂದರೆ ಮುಂದೆ ನಡೆ ಎಂದು. ಎಳೆದ ಹೂಂ ಬಂದರೆ ನಡೆ, ಆದರೆ ನನಗೇನೂ ನಂಬಿಕೆ ಇಲ್ಲ ಎಂದು. ಮೂಗಿನಲ್ಲಿ ಬಂದರೆ ನಾನು ಬುದ್ಧಿವಂತಿಕೆ ತೋರಿಸುತ್ತಿದ್ದೇನೆ, ಅದು ಬೇಕಾಗಿಲ್ಲ ಎಂದು. ಹೂಂ ಬರಲೇ ಇಲ್ಲವೆಂದರೆ ನಾನು ಕೈ ಎತ್ತಿ ಹಿಂದಿನ ಸಾಲಿಗೆ ಹೋಗಿ ನೋಡಬೇಕು, ಅಲ್ಲೊಂದು ತಪ್ಪು ಇದ್ದೇ ಇರುತ್ತಿತ್ತು. ಅವಳು ಎಂದೂ ನನ್ನ ತಪ್ಪನ್ನು ಬೆರಳಿಟ್ಟು ತೋರಿಸಲಿಲ್ಲ. ಹೂಂ ನಿಲ್ಲಿಸುತ್ತಿದ್ದಳು, ಅಷ್ಟೆ. ಒಬ್ಬಳೇ ಕೂತು ಬರೆಯುವ ದಿನ ನನ್ನ ತಲೆ ಓಡುವುದೇ ಇಲ್ಲ ಎಂದು ನಿಧಾನಕ್ಕೆ ತಿಳಿಯಿತು. ಪ್ರೋಗ್ರಾಮ್ ಬರೆಯುವುದೂ ಕತೆ ಹೇಳಿದ ಹಾಗೆಯೇ, ಕೇಳುವವರು ಬೇಕು.

ಕತೆ ಅಂದಮೇಲೆ ನಮ್ಮ ಆಯಿಯ ಮಾತು ಬರಲೇಬೇಕು. ಆಯಿ ಅಂದರೆ ನಮ್ಮವ್ವನ ತಾಯಿ, ಸಿಂದಗಿಯವಳು. ಸಾಲಿ ಸೂಟಿಯಲ್ಲಿ, ಶಾಲೆಗೆ ರಜೆ ಬಿದ್ದಾಗ, ನಾವು ಮೊಮ್ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದೆವು. ಊಟವಾದ ಮೇಲೆ ಮಾಳಿಗೆ ಮೇಲೆ ಕೌದಿ ಹಾಸಿ ಅವಳು ಕತೆ ಶುರು ಮಾಡುವಳು. ಒಂದೇ ಕರಾರು: ಯಾರಾದರೊಬ್ಬರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರ ಬಾವಿಯಲ್ಲಿ ಅರ್ಧ ಇಳಿದಿದ್ದರೂ ಅವನು ಅಲ್ಲೇ ಜೋತಾಡಬೇಕು. ಪಾಳಿ ಬಂದಾಗ ನಾನು ನಿದ್ದೆಗಣ್ಣಿನಲ್ಲೂ ಹೂಂ ಅನ್ನುವುದನ್ನು ರೂಢಿ ಮಾಡಿಕೊಂಡೆ. ಆಯಿಗೆ ಅದು ಗೊತ್ತಾಗದೆ ಇರುತ್ತದೆಯೇ? "ಆಮ್ಯಾಲೆ ರಾಜಾ ಉರಿಯೋ ಒಲಿ ಮ್ಯಾಲೆ ಕುಂತ" ಅಂದಳು. ಹೂಂ ಅಂದೆ. "ರಾಣಿ ಅವನ ಮ್ಯಾಲೆ ಹಂಚಿಟ್ಟು ರೊಟ್ಟಿ ಬಡದ್ಳು." ಹೂಂ. "ಆ ರೊಟ್ಟಿ ಗೌರಾನ ಕಿವ್ಯಾಗ ತುರುಕಿದ್ಳು" ಎಂದು ಕಿವಿ ಹಿಂಡಿದಳು. ನಾನು ಹೋ ಎಂದು ಎದ್ದು ಕೂತೆ. ಎಲ್ಲರೂ ನಕ್ಕರು.

ನಕ್ಕದ್ದೇನೋ ಸರಿ. ಆದರೆ ಈ ಹೂಂ ಎನ್ನುವುದು ಅಷ್ಟು ಹಗುರಾದ ಮಾತಲ್ಲ. ಹೂಂ ಅಂದರೆ ಒಪ್ಪಿದೆ ಎಂದು ಅರ್ಥ, ಅದು ಎಲ್ಲರಿಗೂ ಗೊತ್ತು. ಹೂಂ ಅಂದರೆ ಕೇಳುತ್ತಿದ್ದೇನೆ ಎಂದೂ ಅರ್ಥ, ಅದೂ ಎಲ್ಲರಿಗೂ ಗೊತ್ತು. ಯಾವ ಹೊತ್ತಿನಲ್ಲಿ ಯಾವುದು ಎನ್ನುವುದನ್ನು ಮಾತ್ರ ಯಾರೂ ಕೇಳಲು ಹೋಗುವುದಿಲ್ಲ.

ನಾವೂ ಕೇಳಲಿಲ್ಲ. ಶಾಲೆಗಳಿಗೆಂದು ಹಾಜರಿಯ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಮಗು ಶಾಲೆಗೆ ಬರದಿದ್ದರೆ ತಾಯಿತಂದೆಯ ಫೋನಿಗೆ ತಾನಾಗಿಯೇ ಸಂದೇಶ ಹೋಗಬೇಕು. ಮಾಡಿಸುತ್ತಿದ್ದವರು ಬೆಂಗಳೂರಿನವರು, ಮಾತು ಫೋನಿನಲ್ಲಿ. ನಾನು ಕೆಳಗೆ ಚಹಾ ತರಲು ಹೋಗಿದ್ದಾಗ ನೀಲಕ್ಕ ಫೋನ್ ಹಿಡಿದಿದ್ದಳು. ಆ ಕಡೆಯವರು ಪಟಪಟನೆ ಹೇಳುತ್ತಾ ಹೋದರು, ಇವಳು ರೂಢಿಯಂತೆ ಹೂಂ, ಹೂಂ ಅನ್ನುತ್ತಾ ಹೋದಳು. ನಡುವೆ ಅವರು, "ರಜಾ ದಿನಗಳನ್ನ ನೀವೇ ಬಿಟ್ಟುಬಿಡ್ತೀರಲ್ವಾ?" ಅಂದಿದ್ದರಂತೆ. ಅದಕ್ಕೂ ಹೂಂ ಬಿತ್ತು. ಇವಳು ಒಪ್ಪಿದಳು ಎಂದು ಅವರು ತಿಳಿದರು. ಅವರು ಇನ್ನೂ ಹೇಳುತ್ತಿದ್ದಾರೆ, ಬರೆದು ಕಳಿಸುತ್ತಾರೆ ಎಂದು ಇವಳು ತಿಳಿದಳು.

ಭಾನುವಾರ ಬಂತು. ಯಾವ ಮಗುವೂ ಶಾಲೆಗೆ ಹೋಗಲಿಲ್ಲ. "ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ" ಎಂಬ ಸಂದೇಶ ಎಲ್ಲರ ಮನೆಗೂ ತಪ್ಪದೆ ಹೋಯಿತು. ಎದುರಿಗೇ ಕುಳಿತು ತಿನ್ನುತ್ತಿದ್ದ ಮಗನನ್ನು ಒಬ್ಬ ತಾಯಿ, "ಹಾಗಾದರೆ ನೀನು ಯಾರೋ?" ಎಂದು ಕೇಳಿದಳಂತೆ. ಅಜ್ಜಿ ಮನೆಗೆ ಮಗಳನ್ನು ಕಳಿಸಿದ್ದ ಇನ್ನೊಬ್ಬರು ಮಾತ್ರ ಓದಿದ ಕೂಡಲೇ ಗಾಬರಿಯಾಗಿ ಗಾಡಿ ಹತ್ತಿದ್ದರಂತೆ.

ಸೋಮವಾರ ಬೈಗುಳ ತಿಂದು ಮುಗಿಸಿದ ಮಲ್ಲಣ್ಣ ನಮ್ಮ ಮೇಜಿಗೆ ಬಂದ. ಸಿಟ್ಟು ಮಾಡುವವನಲ್ಲ ಅವನು. "ತಂಗ್ಯಾರ, ಇನ್ ಮ್ಯಾಲೆ ನಮ್ಮಲ್ಲಿ ಹೂಂಕ್ಕ ಬೆಲಿ ಇಲ್ಲ. ಹೂಂ ಅಂದ್ರ ಕಿವಿ ತೆರದೈತಿ ಅಂತಷ್ಟ. ಕೇಳಿದ್ದು ಏನು ಅನ್ನೋದನ್ನ ತಿರುಗಿ ನಿಮ್ಮ ಬಾಯಿಲೆ ಹೇಳ್ರಿ. ಆಕಿ ಹೇಳಿದ್ದು ಈಕಿ ಹೇಳಬೇಕು, ಈಕಿ ಹೇಳಿದ್ದು ಆಕಿ ಹೇಳಬೇಕು. ಆಮ್ಯಾಲೆ ಕೈ ಹಚ್ರಿ" ಅಂದ. ಅಂದಿನಿಂದ ಅದು ನಮ್ಮ ಜೋಡಿಗಳ ನೇಮವಾಯಿತು. ಮೊದಮೊದಲು ಗಿಳಿಪಾಠದಂತೆ ನಗು ಬರುತ್ತಿತ್ತು. ಬರಬರುತ್ತ ನಾನು ಹೇಳಿದ್ದೇ ಒಂದು, ನೀಲಕ್ಕ ಕೇಳಿದ್ದೇ ಒಂದು ಎನ್ನುವ ಪ್ರಸಂಗಗಳು ದಿನಕ್ಕೆರಡು ಸಿಗತೊಡಗಿದಾಗ ನಗು ನಿಂತಿತು. ಇಷ್ಟು ವರ್ಷ ನಾವು ಹ್ಯಾಗೆ ಕೆಲಸ ಮಾಡಿದೆವೋ ಎಂದು ಹೆದರಿಕೆಯೇ ಆಯಿತು.

ನೀಲಕ್ಕ ಮಾತ್ರ ಆ ಸೋಮವಾರ ಬುತ್ತಿ ಬಿಚ್ಚಲಿಲ್ಲ. ಆದದ್ದಾಯಿತು, ಉಣ್ಣು ಅಂದೆ. "ಗಾಡಿ ಹತ್ತಿ ಹುಡುಕಾಕ ಹೋದ್ರಂತಲ್ಲ, ಅವರದ ನೆನಪು ಬರಾಕತ್ತೈತಿ" ಅಂದಳು. ಬುತ್ತಿಯನ್ನು ಚೀಲಕ್ಕೆ ಹಾಕುತ್ತ, "ಹೂಂ ಅನ್ನೋದನ್ನ ನಂಬಿ ನಾ ಒಮ್ಮೆ ಕೆಟ್ಟೀನಿ, ಗೌರಾ. ಈಗ ಅದನ್ನ ನಾನ ಮಂದಿಗೆ ಮಾಡಿದೆ" ಅಂದಳು. ಏನು ಎಂದು ಕೇಳಿದೆ. ಅವಳು ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು.

ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಿದ್ದಷ್ಟೇ. ತಾಳಿಕೋಟೆಯ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಬಾಣಂತನಕ್ಕೆಂದು ತವರಿಗೆ ಬಂದಳು. ಕೂಸು ಉಳಿಯಲಿಲ್ಲ. ಆಮೇಲೆ ಅವರು ಕರೆಯಲು ಬರಲಿಲ್ಲ, ಇವಳು ಹೋಗಲಿಲ್ಲ. ಅಣ್ಣನ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಕಲಿತಳು, ಮಲ್ಲಣ್ಣನ ಹತ್ತಿರ ಕೆಲಸಕ್ಕೆ ಸೇರಿದಳು. ಇದಿಷ್ಟನ್ನು ಅವಳು ಹೇಳಿದ್ದೂ ಅಲ್ಲ, ಬಸ್ಸಿನಲ್ಲಿ ಯಾರೋ ಹೇಳಿದ್ದು.

ಇದೆಲ್ಲ ಆದಮೇಲೆ, ಹೋದ ಚಳಿಗಾಲದಲ್ಲಿ ಒಂದು ದಿನ ತಾಳಿಕೋಟೆಯಿಂದ ಫೋನ್ ಬಂತು. ಗಂಡನ ಕಾಕಾ, ಇವಳಿಗೆ ಸಣ್ಣ ಮಾವ. ಅವಳು ಎದ್ದು ಮೆಟ್ಟಿಲ ಬಳಿ ಹೋಗಿ ಕಿವಿಗೆ ಹಿಡಿದಳು. ಒಳಗೆ ನನಗೆ ಅವಳ ದನಿ ಮಾತ್ರ ಕೇಳುತ್ತಿತ್ತು: ಹೂಂ. ಹೂಂ ರಿ. ಹೂಂ. ಆ ಹೂಂಗಳು ನನಗೆ ಪರಿಚಯವಾದ ಯಾವ ಜಾತಿಯವೂ ಆಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಬಂದು ಕೂತಳು. ಅತ್ತೆಗೆ ವಯಸ್ಸಾಯಿತು, ಮನೆ ನೋಡಿಕೊಳ್ಳುವವರು ಬೇಕು, ಹಳೆಯದನ್ನು ಮರೆತು ಬಾ, ಇನ್ನು ಕೆಲಸ ಗಿಲಸ ಏನೂ ಬೇಡ ಎಂದು ಅವರು ಹೇಳಿದರಂತೆ. "ನೀ ಏನಂದಿ?" ಎಂದು ಕೇಳಿದೆ. "ಏನೂ ಅನ್ನಲಿಲ್ಲ" ಅಂದಳು.

ಎರಡು ದಿನ ಬಿಟ್ಟು ಅಣ್ಣ ಮನೆಯಲ್ಲಿ ಸುದ್ದಿ ಹೇಳಿದನಂತೆ: ಅವರು ಭಾನುವಾರ ಕರೆದೊಯ್ಯಲು ಬರುತ್ತಾರೆ, ನೀನೇ ಹೂಂ ಅಂದಿದ್ದೀ ಅಂತಲ್ಲ. ತಾಳಿಕೋಟೆಯಲ್ಲಿ ಆಗಲೇ ನೆಂಟರಿಗೆಲ್ಲ ತಿಳಿಸಿಯೂ ಆಗಿತ್ತು.

ಶನಿವಾರ ಸಂಜೆ ಕಂಪ್ಯೂಟರ್ ಆರಿಸುವಾಗ ನೀಲಕ್ಕ, "ನಾಳೆ ನಮ್ಮ ಮನಿಗೆ ಬರ್ತೀಯೇನು?" ಅಂದಳು. ಬರುತ್ತೇನೆ, ಅವರಿಗೆ ಚೆನ್ನಾಗಿ ಹೇಳುತ್ತೇನೆ ಅಂದೆ. "ನೀ ಏನೂ ಹೇಳಬ್ಯಾಡ. ಮಗ್ಗಲದಾಗ ಕುಂಡ್ರು ಸಾಕು" ಅಂದಳು. ನನ್ನನ್ನು ಬಾಯಿ ಮುಚ್ಚಿಕೊಂಡು ಕೂಡು ಎಂದು ಹೇಳಿದವರು ಬಹಳ ಜನ, ಹಾಗೆ ಕೂಡಿಸಿದವರು ಯಾರೂ ಇರಲಿಲ್ಲ. ಹಿಪ್ಪರಗಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಒಂದೇ ಅಂಜಿಕೆ: ಈ ಹೆಂಗಸು ಅವರ ಮುಂದೆಯೂ ಹೂಂ ಅಂದುಬಿಟ್ಟರೆ ಸೋಮವಾರದಿಂದ ನನ್ನ ಪಕ್ಕದ ಕುರ್ಚಿ ಖಾಲಿ. ನಿಜ ಹೇಳುತ್ತೇನೆ, ಅವಳ ಬದುಕಿನ ಚಿಂತೆಗಿಂತ ನನಗೆ ನನ್ನ ಕುರ್ಚಿಯದೇ ಹೆಚ್ಚಾಗಿತ್ತು.

ಅವರು ಜೀಪಿನಲ್ಲಿ ಬಂದರು. ಸಣ್ಣ ಮಾವ, ಗಂಡ, ಅತ್ತೆ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಅತ್ತೆ ಮಂಡಿನೋವಿನಿಂದ ಕೆಳಗೆ ಕೂಡಲಾರದೆ ಬಾಗಿಲ ಬಳಿ ಕಟ್ಟೆಯ ಮೇಲೆ ಕೂತಳು. ಉಪ್ಪಿಟ್ಟು, ಚಹಾ ಆಯಿತು. ಗಂಡ ನೋಡಲಿಕ್ಕೆ ಕೆಟ್ಟ ಮನುಷ್ಯನಲ್ಲ. ತಲೆಯೆತ್ತಿ ನೋಡುತ್ತಲೇ ಇರಲಿಲ್ಲ, ಅಷ್ಟೆ. ಸಣ್ಣ ಮಾವ ಎದ್ದು ಧೋತರ ಸರಿಮಾಡಿಕೊಂಡು, "ಮತ್ತ ಹೊತ್ತಾಗತೈತಿ. ಸಾಮಾನು ಕಟ್ಟೀರೇನವಾ?" ಅಂದ.

"ನಾ ಬರ್ತೇನಿ ಅಂದಿಲ್ರಿ" ಅಂದಳು ನೀಲಕ್ಕ.

"ಫೋನಿನ್ಯಾಗ ನೀನ ಹೂಂ ಅಂದಿಯಲ್ಲವಾ!"

"ಕೇಳಾಕತ್ತೇನಿ ಅಂತ ಹೂಂ ಅಂದೆ. ಹಿರ್ಯಾರು ಮಾತಾಡಾಕತ್ತಾಗ ಅನ್ನಬೇಕಲ್ರಿ."

"ಹಿಂಗ ಮಾತು ತಿರುಗಿಸಿದ್ರ ಹ್ಯಾಂಗ?" ಎಂದು ಅವನು ಅಣ್ಣನ ಮುಖ ನೋಡಿದ. ಅಣ್ಣ ತಂಗಿಯ ಮುಖ ನೋಡಿದ. ನನ್ನ ನಾಲಗೆಯ ತುದಿಗೆ ಏನೇನೋ ಬಂತು. ನೀಲಕ್ಕ ನನ್ನ ಮೊಣಕೈ ಮೇಲೆ ಕೈಯಿಟ್ಟಳು, ನಾನು ನುಂಗಿಕೊಂಡೆ.

"ಬರೋದು ಬಿಡೋದು ಆಮ್ಯಾಲೆ. ಮೊದ್ಲು ನಾ ಒಂದೀಟು ಹೇಳೂದೈತಿ" ಎಂದು ಅವಳು ಗಂಡನ ಕಡೆ ತಿರುಗಿದಳು. "ನೀವು ಹೂಂ ಅನ್ರಿ."

ಅವನು ಗಾಬರಿಯಾಗಿ ಹೂಂ ಅಂದ.

"ಕೂಸು ಹೋತು. ಮುಂಜಾನಿ ನಾನ ನಿಮಗ ಫೋನ್ ಮಾಡಿದೆ."

"ಹೂಂ."

"ನೀವು ಅಂಗಡ್ಯಾಗ ಇದ್ರಿ. ಹಿಂದ ಗಿರಾಕಿ ಮಾತು ಕೇಳಾಕತ್ತಿತ್ತು. ಮಗಳು ಹೋದ್ಳು ಅಂದೆ. ಹೂಂ ಅಂದ್ರಿ. ಇವತ್ತ ಮಣ್ಣು ಮಾಡ್ತಾರ ಅಂದೆ. ಹೂಂ ಅಂದ್ರಿ."

"ಹೂಂ" ಅಂದ, ಈ ಸಲ ಸಣ್ಣದಾಗಿ.

"ನೀವು ಬರೂಮಟಾ ತಡೀತೀವಿ, ಬರ್ತೀರಲ್ರಿ ಅಂದೆ. ಅದಕ್ಕೂ ಹೂಂ ಅಂದ್ರಿ."

ಈಗ ಹೂಂ ಬರಲಿಲ್ಲ. ಗಂಡ ಜಮಖಾನದ ದಾರ ಜಗ್ಗುತ್ತ ಕೂತಿದ್ದ. ನೀಲಕ್ಕನೂ ಸುಮ್ಮನಾದಳು. ಹೊರಗೆ ಯಾರೋ ಎಮ್ಮೆಯನ್ನು ಗದರಿಸುವುದು ಕೇಳುತ್ತಿತ್ತು. ಇನ್ನು ಅವಳು ಮುಂದೆ ಹೇಳುವುದಿಲ್ಲ ಎಂದು ನನಗೆ ಅನ್ನಿಸಿತು. ನಾನೇ ಹೂಂ ಅಂದುಬಿಡಲೇ ಎಂದು ಬಾಯಿ ತೆರೆದೆ.

"ಹೂಂ" ಎಂದು ಬಾಗಿಲ ಕಡೆಯಿಂದ ಬಂತು. ಅತ್ತೆ.

ನೀಲಕ್ಕ ಅವಳ ಕಡೆ ತಿರುಗಿದಳು. "ಊರ ಮಂದಿ ಎಲ್ಲಾ ಕೂಡಿದ್ರು, ಅತ್ತ್ಯಾರ. ಹೊತ್ತಾತು, ತಗೊಂಡು ಹೋಗೂನು ಅಂದ್ರು."

"ಹೂಂ."

"ನಾನ ಬಿಡಲಿಲ್ಲ. ಹೂಂ ಅಂದಾರ, ಬರ್ತಾರ ಅಂದೆ. ತೊಡಿ ಮ್ಯಾಲ ಇಟಗೊಂಡು ಕುಂತೆ. ತಾಳಿಕೋಟಿ ಬಸ್ ಬಂದಾಗೊಮ್ಮೆ ಅಣ್ಣ ನಿಲ್ದಾಣಕ್ಕ ಹೋಗಿ ನೋಡಿ ಬಂದ."

"ಹೂಂ" ಅಂದಳು ಅತ್ತೆ. ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು.

"ಆಮ್ಯಾಲೆ ಹೊತ್ತು ಮುಣುಗಿತು" ಎಂದು ನೀಲಕ್ಕ ಮುಗಿಸಿದಳು.

ಸಣ್ಣ ಮಾವ, "ಅದೆಲ್ಲಾ ಆಗಿ ಹೋದ ಮಾತು, ಈಗ್ಯಾಕ" ಎಂದು ಶುರು ಮಾಡಿದ. ನೀಲಕ್ಕ ಅವನ ಮಾತು ತಡೆದಳು. ಆಫೀಸಿನಲ್ಲಿ ದಿನಾ ನನ್ನನ್ನು ಕೇಳುವ ದನಿಯಲ್ಲೇ ಕೇಳಿದಳು, "ನಾ ಏನ್ ಹೇಳಿದೆ? ಯಾರರೇ ಒಬ್ರು ತಿರುಗಿ ಹೇಳ್ರಿ."

ಇದೇನು ಆಟ ಎಂದು ಸಣ್ಣ ಮಾವ ಸಿಟ್ಟಿಗೆದ್ದ. ಗಂಡನಿಗೆ ಗೊತ್ತಿರಲಿಲ್ಲ ಎಂದಲ್ಲ, ಹೇಳಲು ಆಗಲಿಲ್ಲ.

ಅತ್ತೆ ಚೌಕಟ್ಟು ಹಿಡಿದು ನಿಧಾನಕ್ಕೆ ಎದ್ದಳು. ಮಂಡಿ ನೇರವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನನಗ ಇಂವ ಮರುದಿನಾ ಹೇಳಿದ. ಅಷ್ಟೊತ್ತಿಗೆ ಎಲ್ಲಾ ಮುಗದೈತಿ ಅಂದ" ಅಂದಳು. ಮಗನನ್ನು ನೋಡಿದಳು. ಆಮೇಲೆ ನೀಲಕ್ಕನನ್ನು ನೋಡಿ, ಪಾಠ ಒಪ್ಪಿಸುವವರಂತೆ ಒಂದೊಂದೇ ಮಾತು ತೆಗೆದು ಹೇಳಿದಳು, "ನೀ ಕೂಸಿನ್ನ ತೊಡಿ ಮ್ಯಾಲ ಇಟಗೊಂಡು ಸಂಜಿತನಾ ಕಾದಿ. ನಾವು ಬರಲಿಲ್ಲ."

"ಹೌದ್ರಿ" ಅಂದಳು ನೀಲಕ್ಕ.

ಅತ್ತೆ ಹೊಸ್ತಿಲು ದಾಟಿದಳು. ಸಣ್ಣ ಮಾವ ಅತ್ತಿಗೆಯನ್ನು ಕೂಗಿ, "ವೈನಿ, ಮತ್ತ ಈಕೀನ ಕರಕೊಂಡು…" ಎಂದ. ಮುದುಕಿ ತಿರುಗಿ ನೋಡಲಿಲ್ಲ. ಜೀಪಿನ ಬಾಗಿಲಿಗೆ ಕೈಯಿಟ್ಟು ಡ್ರೈವರನಿಗೆ, "ಗಾಡಿ ಚಾಲೂ ಮಾಡಪಾ" ಅಂದಳು.